0.97 ಎಂಬ ಉತ್ತರದಲ್ಲಿ ತಪ್ಪೇನಿದೆ?

(ಪಿಯುಸಿ ವಿಜ್ಞಾನ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲೆ ಒಂದು ಲೆಕ್ಕ ಇದೆ. ಮೊದಲು ಅದನ್ನು ಮಾಡಿಬಿಡಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅಲ್ಲಿಯವರೆಗೆ ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಅಂತ ಗೋರಖ್‌ಪುರದ ಹೆಸರು ಹೇಳುತ್ತಿದ್ದರು, ಅದು 1366 ಮೀಟರ್. ಈಗ ಆ ಹೆಸರು ನಮ್ಮ ಹುಬ್ಬಳ್ಳಿಗೆ. ಸರಿ, ಲೆಕ್ಕ ಇಷ್ಟೇ. ಒಂದು ರೈಲು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಈ ಪ್ಲಾಟ್‌ಫಾರ್ಮಿನ ಒಂದು ತುದಿಗೆ ಬರುತ್ತದೆ. ಅಲ್ಲಿಂದ ಒಂದೇ ಸಮನೆ ಬ್ರೇಕ್ ಹಾಕಿ, ಎಂಜಿನ್ ಸರಿಯಾಗಿ ಇನ್ನೊಂದು ತುದಿಯಲ್ಲಿ ನಿಲ್ಲುತ್ತದೆ. ವೇಗೋತ್ಕರ್ಷ, ಅಂದರೆ ವೇಗ ಪ್ರತಿ ಸೆಕೆಂಡಿಗೆ ಬದಲಾಗುವ ಪ್ರಮಾಣ, ಎಷ್ಟು? ವೇಗ ಕಡಿಮೆಯಾಗುತ್ತಿದೆ, ಹಾಗಾಗಿ ಮೈನಸ್ ಇರುತ್ತದೆ. ಅದನ್ನು ಸದ್ಯಕ್ಕೆ ಬಿಡಿ, ಎಷ್ಟು ಅಂತ ಮಾತ್ರ ಹೇಳಿ.

ಹಿಂದಿನ ಬೆಂಚಿನಿಂದ 0.97 ಅಂತ ಬಂತು. ಈ ಕಡೆಯಿಂದ 0.075. ಎರಡೂ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಇಬ್ಬರೂ ಬಳಸಿದ್ದು ಒಂದೇ ಸೂತ್ರ, ನೀವೆಲ್ಲ ಬಾಯಿಪಾಠ ಮಾಡಿರುವ 'ವಿ ಸ್ಕ್ವೇರ್ ಮೈನಸ್ ಯು ಸ್ಕ್ವೇರ್ ಈಕ್ವಲ್ ಟು ಟು ಎ ಎಸ್'. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದ್ದೀರಿ. ಒಬ್ಬರು 54 ಹಾಕಿದರು, ಇನ್ನೊಬ್ಬರು ಅದನ್ನೇ ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ತಂದು 15 ಹಾಕಿದರು.

0.97 ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? 5000 ಅಂತಲೋ 0.000003 ಅಂತಲೋ ಬಂದಿದ್ದರೆ ಎಲ್ಲೋ ಎಡವಟ್ಟಾಗಿದೆ ಅಂತ ತಿರುಗಿ ನೋಡುತ್ತಿದ್ದಿರಿ. 0.97 ಹಾಗಲ್ಲ. ಬ್ರೇಕ್ ಹಾಕಿದ ರೈಲಿಗೆ ಒಪ್ಪುವಂಥ ಸಂಖ್ಯೆಯೇ ಅದು. ಯುನಿಟ್ ಕಲಬೆರಕೆಯಾದಾಗ ಬರುವ ತಪ್ಪು ಉತ್ತರಗಳಲ್ಲಿ ಜಾಸ್ತಿ ಪಾಲು ಹೀಗೇ ಇರುತ್ತವೆ. ಸುಮ್ನೆ ಬಂದು ಕೂತುಬಿಡುತ್ತವೆ, ಗೊತ್ತೇ ಆಗುವುದಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? ಇನ್ನೊಂದು ಪ್ರಶ್ನೆ ಕೇಳಿ ನೋಡೋಣ. ರೈಲು ನಿಲ್ಲುವುದಕ್ಕೆ ಎಷ್ಟು ಹೊತ್ತು ಹಿಡಿಯಿತು? ವೇಗವನ್ನು ವೇಗೋತ್ಕರ್ಷದಿಂದ ಭಾಗಿಸಿ. 54ನ್ನು 0.97ರಿಂದ ಭಾಗಿಸಿದರೆ ಸುಮಾರು 56 ಸೆಕೆಂಡ್. ಅಂದರೆ ರೈಲು 1507 ಮೀಟರನ್ನು 56 ಸೆಕೆಂಡಿನಲ್ಲಿ ದಾಟಿದೆ. ಸರಾಸರಿ ಸೆಕೆಂಡಿಗೆ 27 ಮೀಟರ್, ಅಂದರೆ ಗಂಟೆಗೆ 97 ಕಿಲೋಮೀಟರ್. ಪ್ಲಾಟ್‌ಫಾರ್ಮಿಗೆ ಬಂದಿದ್ದೇ 54ರಲ್ಲಿ, ಅಲ್ಲಿಂದ ಬರೀ ಬ್ರೇಕು. ಸರಾಸರಿ 97 ಹೇಗೆ ಬಂತು? ಸಿಕ್ಕಿಬಿತ್ತು ನೋಡಿ.

ಈಗ 15 ಇಟ್ಟು ಮಾಡಿ. 1507ರ ಎರಡರಷ್ಟು 3014, ಅದನ್ನು 15ರಿಂದ ಭಾಗಿಸಿದರೆ 201 ಸೆಕೆಂಡ್ (ವೇಗವನ್ನು ವೇಗೋತ್ಕರ್ಷದಿಂದ ಭಾಗಿಸಿದರೂ ಇಷ್ಟೇ ಬರುತ್ತದೆ). ಮೂರು ನಿಮಿಷ 21 ಸೆಕೆಂಡ್. ಸರಾಸರಿ ಸೆಕೆಂಡಿಗೆ ಏಳೂವರೆ ಮೀಟರ್, ಗಂಟೆಗೆ 27 ಕಿಲೋಮೀಟರ್. 54ರಿಂದ ಸೊನ್ನೆಗೆ ಒಂದೇ ಸಮನೆ ಇಳಿದರೆ ಸರಾಸರಿ 27 ಆಗಲೇಬೇಕು. ಸರಿ ಹೋಯಿತು. ರೈಲಿನಲ್ಲಿ ಓಡಾಡಿದವರಿಗೆ ಈ ಮೂರೂಕಾಲು ನಿಮಿಷ ಚೆನ್ನಾಗಿ ಗೊತ್ತು. ನಿಲ್ದಾಣ ಬಂತು ಅಂತ ಬ್ಯಾಗ್ ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತಿರುತ್ತೀರಿ, ರೈಲು ಮಾತ್ರ ತೆವಳುತ್ತಲೇ ಇರುತ್ತದೆ.

ಆದರೆ ಒಂದು ಮಾತು. ಆ 0.97ನ್ನು ಅಷ್ಟು ಸುಲಭವಾಗಿ ಬಿಸಾಕಬೇಡಿ. ಅದೇ ಲೆಕ್ಕವನ್ನು ಯುನಿಟ್ ಸಮೇತ ಬರೆದು ನೋಡಿ. ಮೇಲೆ 54 ಕಿ.ಮೀ./ಗಂ, ಅದರ ವರ್ಗ. ಕೆಳಗೆ 3014 ಮೀಟರ್. ಉತ್ತರ 0.967, ಅದರ ಯುನಿಟ್ 'ಕಿ.ಮೀ. ವರ್ಗ ಭಾಗಿಸು ಗಂಟೆ ವರ್ಗ ಗುಣಿಸು ಮೀಟರ್'. ಈ ಉತ್ತರ ಸಂಪೂರ್ಣ ಸರಿ! ನೋಡೋಕೆ ವಿಕಾರವಾಗಿದೆ, ಅಷ್ಟೇ. ಈಗ ಕಿಲೋಮೀಟರ್ ಇದ್ದಲ್ಲಿ 1000 ಮೀಟರ್, ಗಂಟೆ ಇದ್ದಲ್ಲಿ 3600 ಸೆಕೆಂಡ್ ಹಾಕಿ. ಮೇಲೆ ಹತ್ತು ಲಕ್ಷ, ಕೆಳಗೆ 1,29,60,000. ಭಾಗಿಸಿದರೆ 0.0772. ಇದನ್ನು 0.967ರಿಂದ ಗುಣಿಸಿ. 0.0746 ಬಂತು, ಮೀಟರ್ ಪರ್ ಸೆಕೆಂಡ್ ಸ್ಕ್ವೇರ್‌ನಲ್ಲಿ. ಈ ಕಡೆಯವರು ಹೇಳಿದ 0.075 ಇದೇ ತಾನೇ?

ಅಂದರೆ 0.97 ಅನ್ನುವ ಸಂಖ್ಯೆ ತಪ್ಪಲ್ಲ. ಅದರ ಮುಂದೆ 'ಮೀಟರ್ ಪರ್ ಸೆಕೆಂಡ್ ಸ್ಕ್ವೇರ್' ಅಂತ ನಾವಾಗಿ ಬರೆದೆವಲ್ಲ, ತಪ್ಪಾಗಿದ್ದು ಅಲ್ಲಿ. ಸೂತ್ರ ಹಿಟ್ಟಿನ ಗಿರಣಿ ಇದ್ದ ಹಾಗೆ. ರಾಗಿ ಹಾಕಿದರೆ ರಾಗಿ ಹಿಟ್ಟು, ರಾಗಿ ಜೋಳ ಎರಡೂ ಹಾಕಿದರೆ ಎರಡರ ಹಿಟ್ಟು. ಹೊರಗೆ ಬಂದಿದ್ದಕ್ಕೆ ಯಾವ ಚೀಟಿ ಅಂಟಿಸಬೇಕು ಅಂತ ಗಿರಣಿ ಹೇಳುವುದಿಲ್ಲ. ನಮ್ಮ ಹುಡುಗರು ಲೆಕ್ಕ ಪೂರ್ತಿ ಬರಿಯ ಸಂಖ್ಯೆಯಲ್ಲಿ ಮಾಡಿ, ಕೊನೆಯ ಸಾಲಿಗೆ ಬಂದಾಗ ಅಭ್ಯಾಸಬಲದಿಂದ ಯುನಿಟ್ ಸೇರಿಸುತ್ತಾರೆ. ನನ್ನ ತಕರಾರೆಲ್ಲ ಆ ಅಭ್ಯಾಸದ ಮೇಲೆ. ಯುನಿಟ್ ಮೊದಲ ಸಾಲಿನಿಂದಲೇ ಜೊತೆಗಿರಲಿ. ಪ್ರತಿ ಸಾಲಿನಲ್ಲೂ ಬರೆಯಿರಿ. ಕಿಲೋಮೀಟರ್ ಪಕ್ಕ ಮೀಟರ್ ಬಂದ ತಕ್ಷಣ ನಿಮ್ಮ ಕಣ್ಣಿಗೇ ಬೀಳುತ್ತದೆ.

54 ಹೇಗೆ 15 ಆಯಿತು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಿಲೋಮೀಟರ್ ಅಂದರೆ 1000 ಮೀಟರ್, ಒಂದು ಗಂಟೆ ಅಂದರೆ 3600 ಸೆಕೆಂಡ್. 1000 ಭಾಗಿಸು 3600, ಅದೇ 5/18. ಪರೀಕ್ಷೆಯ ಗಾಬರಿಯಲ್ಲಿ ಇದು 5/18ಓ 18/5ಓ ಅಂತ ಮರೆತುಹೋಗುತ್ತದೆ. ಮರೆತರೆ ಒಂದನ್ನು ನೆನಪಿಟ್ಟುಕೊಳ್ಳಿ: ಸೆಕೆಂಡಿಗೆ ಮೀಟರ್ ಲೆಕ್ಕದ ಸಂಖ್ಯೆ ಯಾವಾಗಲೂ ಚಿಕ್ಕದು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಸೆಕೆಂಡಿಗೆ ಸುಮಾರು 10.4 ಮೀಟರ್. ಗಂಟೆಗೆ ಎಷ್ಟು? 37.6 ಕಿಲೋಮೀಟರ್. ನಿಮ್ಮ ಲೆಕ್ಕದಲ್ಲಿ ಸ್ಕೂಟರ್ ಸೆಕೆಂಡಿಗೆ 194 ಮೀಟರ್ ಓಡುತ್ತಿದ್ದರೆ ಭಿನ್ನರಾಶಿ ತಲೆಕೆಳಗಾಗಿದೆ ಅಂತಲೇ ಅರ್ಥ. ಪಠ್ಯಪುಸ್ತಕದ ಗಾಡಿಗಳೆಲ್ಲ 18, 36, 54, 72, 90ರ ವೇಗದಲ್ಲೇ ಯಾಕೆ ಹೋಗುತ್ತವೆ ಅಂತ ಯೋಚಿಸಿದ್ದೀರಾ? 5, 10, 15, 20, 25 ಅಂತ ಸಲೀಸಾಗಿ ಬರಲಿ ಅಂತ. ನಮ್ಮ ರಸ್ತೆಯಲ್ಲಿ ಯಾರೂ ಸ್ಪೀಡೋಮೀಟರ್ ನೋಡಿಕೊಂಡು 54ರಲ್ಲಿ ಹೋಗುವುದಿಲ್ಲ.

ಇದೆಲ್ಲ ಪರೀಕ್ಷೆಯ ಎರಡು ಮಾರ್ಕಿನ ವಿಷಯ ಅಂದುಕೊಳ್ಳುವವರಿಗೆ ಒಂದು ಘಟನೆ ಹೇಳಬೇಕು. ವೇಗೋತ್ಕರ್ಷದ ಲೆಕ್ಕ ಅಲ್ಲ, ಆದರೂ ಹೇಳುತ್ತೇನೆ. 1983ರ ಜುಲೈ 23. ಏರ್ ಕೆನಡಾದ ಬೋಯಿಂಗ್ 767 ವಿಮಾನ, ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟಿತ್ತು. ಪ್ರಯಾಣಕ್ಕೆ ಬೇಕಾದ ಇಂಧನ 22,300 ಕಿಲೋಗ್ರಾಂ. ಇಂಧನದ ಮೀಟರ್ ಕೆಟ್ಟಿತ್ತು, ಹಾಗಾಗಿ ಟ್ಯಾಂಕಿನಲ್ಲಿ ಅಳತೆ ಕಡ್ಡಿ ಇಟ್ಟು ನೋಡಿದರು. 7,682 ಲೀಟರ್ ಇತ್ತು. ಲೀಟರನ್ನು ತೂಕ ಮಾಡಬೇಕಲ್ಲ, 1.77ರಿಂದ ಗುಣಿಸಿದರು. 13,597 ಬಂತು. 22,300ರಲ್ಲಿ ಅದನ್ನು ಕಳೆದರೆ 8,703. ಮತ್ತೆ 1.77ರಿಂದ ಭಾಗಿಸಿ 4,917 ಲೀಟರ್ ತುಂಬಿಸಿಕೊಂಡು ಹೊರಟರು.

ಕೂಡು, ಕಳೆ, ಗುಣಾಕಾರ ಎಲ್ಲಾ ಸರಿ ಇದೆ, ಬೇಕಿದ್ದರೆ ಮಾಡಿ ನೋಡಿ. ಆದರೆ ಆ 1.77 ಏನು? ಒಂದು ಲೀಟರ್ ಇಂಧನ ಎಷ್ಟು ಪೌಂಡ್ ತೂಗುತ್ತದೆ ಅನ್ನುವ ಸಂಖ್ಯೆ. ಕಿಲೋಗ್ರಾಂ ಲೆಕ್ಕದಲ್ಲಿ ಅದು 0.803 ಆಗಬೇಕಿತ್ತು. ಕೆನಡಾ ಆಗಷ್ಟೇ ಮೆಟ್ರಿಕ್ ಪದ್ಧತಿಗೆ ಬರುತ್ತಿತ್ತು, ಹಳೆಯ ವಿಮಾನಗಳದ್ದೆಲ್ಲ ಪೌಂಡ್ ಲೆಕ್ಕ, ಈ ಹೊಸ ವಿಮಾನದ್ದು ಕಿಲೋ ಲೆಕ್ಕ. ನಿಜವಾಗಿ ತುಂಬಿಸಬೇಕಾಗಿದ್ದದ್ದು 20,088 ಲೀಟರ್. 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯುತ್ತಾ ಬಂತು, ಎರಡೂ ಎಂಜಿನ್ ನಿಂತವು. ಪೈಲಟ್‌ಗಳು ವಿಮಾನವನ್ನು ಗ್ಲೈಡರ್ ಥರ ತೇಲಿಸಿಕೊಂಡು ಬಂದು ಗಿಮ್ಲಿ ಅನ್ನುವ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಜನರಲ್ಲಿ ಒಬ್ಬರ ಜೀವಕ್ಕೂ ಅಪಾಯ ಆಗಲಿಲ್ಲ. 1.77ರ ಮುಂದೆ 'ಪೌಂಡ್ ಪರ್ ಲೀಟರ್' ಅಂತ ಬರೆದುಕೊಂಡಿದ್ದರೆ ಆ ಲೆಕ್ಕ ಮೊದಲ ಸಾಲಿನಲ್ಲೇ ನಿಂತುಹೋಗುತ್ತಿತ್ತು.

ನಮ್ಮ ಸ್ಥಿತಿ ಏನೂ ಬೇರೆಯಲ್ಲ. 1956ರಲ್ಲಿ ಕಾನೂನು ಬಂದು ಮೆಟ್ರಿಕ್ ಪದ್ಧತಿ ಶುರುವಾಯಿತು. ಆದರೂ ಸೈಟು ಇವತ್ತಿಗೂ ಥರ್ಟಿ ಫಾರ್ಟಿ, ಅದು ಅಡಿ. ಜಮೀನು ಎಕರೆ ಗುಂಟೆಯಲ್ಲಿ. ಹಾಲು ಲೀಟರಿನಲ್ಲಿ. ಹೂವು ಮೊಳದಲ್ಲಿ. ದಿನವಿಡೀ ಇವೆಲ್ಲವನ್ನೂ ಬಳಸುತ್ತೇವೆ, ಗೊಂದಲ ಆಗುವುದಿಲ್ಲ. ಯಾಕೆಂದರೆ ಸೈಟಿನ ಅಡಿಯನ್ನು ಹೂವಿನ ಮೊಳಕ್ಕೆ ಯಾರೂ ಕೂಡಿಸುವುದಿಲ್ಲ. ಭೌತಶಾಸ್ತ್ರದ ಸೂತ್ರದಲ್ಲಿ ಮಾತ್ರ ಎಲ್ಲವೂ ಒಂದೇ ಸಾಲಿಗೆ ಬರುತ್ತವೆ.

ಮೊಳ ಅಂದಾಗ ನೆನಪಾಯಿತು. ಎಲ್ಲವನ್ನೂ ಮೀಟರ್ ಸೆಕೆಂಡಿಗೆ ತಂದರೆ ಮಾತ್ರ ಸೂತ್ರ ಕೆಲಸ ಮಾಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗೇನಿಲ್ಲ. ಜೋಗಕ್ಕೆ ಹೋಗೋಣ. ಅಲ್ಲಿ ರಾಜಾ ಧಾರೆ ಬೀಳುವ ಎತ್ತರ 253 ಮೀಟರ್, ಅಡಿಯಲ್ಲಿ 830. ಗಾಳಿಯ ತಡೆ ಇಲ್ಲ ಅಂದುಕೊಂಡು, ಮೇಲಿಂದ ಬಿಟ್ಟ ಕಲ್ಲು ಕೆಳಗೆ ತಲುಪಲು ಎಷ್ಟು ಸೆಕೆಂಡ್ ಅಂತ ನೋಡೋಣ. ಎತ್ತರದ ಎರಡರಷ್ಟನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು.

ಮೀಟರಿನಲ್ಲಿ: 506 ಭಾಗಿಸು 9.8, ವರ್ಗಮೂಲ 7.2 ಸೆಕೆಂಡ್. ಅಡಿಯಲ್ಲಿ: ಗುರುತ್ವ ಸುಮಾರು 32.2 ಅಡಿ ಪರ್ ಸೆಕೆಂಡ್ ಸ್ಕ್ವೇರ್. 1660 ಭಾಗಿಸು 32.2, ವರ್ಗಮೂಲ 7.2. ಈಗ ಮೊಳ. ಒಂದು ಮೊಳ ಒಂದೂವರೆ ಅಡಿ ಅಂತ ಇಟ್ಟುಕೊಳ್ಳಿ. ಜೋಗದ ಎತ್ತರ 553 ಮೊಳ. ಗುರುತ್ವ ಸುಮಾರು 21.4 ಮೊಳ ಪರ್ ಸೆಕೆಂಡ್ ಸ್ಕ್ವೇರ್. 1106 ಭಾಗಿಸು 21.4, ವರ್ಗಮೂಲ ಮತ್ತೆ 7.2 ಸೆಕೆಂಡ್! ಹೂವು ಮಾರುವವರ ಅಳತೆಯಲ್ಲೂ ನ್ಯೂಟನ್ ಸರಿಯಾಗಿಯೇ ಇದ್ದಾನೆ. ಕೆಡುವುದು ಯಾವಾಗ ಅಂದರೆ, ಎತ್ತರ ಅಡಿಯಲ್ಲಿ ಕೊಟ್ಟಿದ್ದಾರೆ ಅಂತ 830 ಹಾಕಿ, ಬಾಯಿಗೆ ಬಂದ 9.8ರಿಂದ ಭಾಗಿಸಿದಾಗ. ಆಗ 13 ಸೆಕೆಂಡ್ ಬರುತ್ತದೆ. ಇದೂ ನೋಡಿ, ಎಷ್ಟು ಮರ್ಯಾದಸ್ಥ ಉತ್ತರ. ಜೋಗ ನೋಡಿದ ಯಾರಾದರೂ 'ಹೌದು, ಇರಬಹುದು' ಅಂತ ಒಪ್ಪಿಬಿಡುತ್ತಾರೆ.

ಕೆಳಗೆ ತಲುಪುವಾಗ ವೇಗ ಎಷ್ಟು? ಇಲ್ಲಿ ನನಗೆ ಇಷ್ಟವಾದ ಒಂದು ಯುನಿಟ್ ಇದೆ. 9.8 ಮೀಟರ್ ಪರ್ ಸೆಕೆಂಡ್ ಅನ್ನುವುದನ್ನು 3.6ರಿಂದ ಗುಣಿಸಿದರೆ ಗಂಟೆಗೆ ಸುಮಾರು 35 ಕಿಲೋಮೀಟರ್. ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಗಂಟೆಗೆ 35 ಕಿಲೋಮೀಟರಿನಷ್ಟು ಹೆಚ್ಚುತ್ತದೆ. ಒಂದು ಸೆಕೆಂಡ್ ಆದಾಗ ಸ್ಕೂಟರ್ ವೇಗ, ಎರಡಾದಾಗ 70, ಮೂರಾದಾಗ 105. ಕಿಲೋಮೀಟರ್ ಪರ್ ಗಂಟೆ ಪರ್ ಸೆಕೆಂಡ್ ಅನ್ನುವ ಯುನಿಟ್ ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ಕಾರಿನ ಜಾಹೀರಾತಿನಲ್ಲಿ 'ಹತ್ತು ಸೆಕೆಂಡಿನಲ್ಲಿ ಸೊನ್ನೆಯಿಂದ ನೂರು' ಅನ್ನುತ್ತಾರಲ್ಲ, ಅದು ಇದೇ. ಪ್ರತಿ ಸೆಕೆಂಡಿಗೂ ಹತ್ತು ಕಿಲೋಮೀಟರ್ ಪರ್ ಗಂಟೆ. 9.8 ಅಂದಾಗ ತಲೆಯಲ್ಲಿ ಏನೂ ಮೂಡದವರಿಗೂ 35 ಅಂದರೆ ಬೀಳುವುದು ಎಷ್ಟು ಜೋರು ಅಂತ ಗೊತ್ತಾಗುತ್ತದೆ.

ಜೋಗದಲ್ಲಿ 7.2 ಸೆಕೆಂಡ್. ಸರಿಯಾಗಿ ಲೆಕ್ಕ ಹಾಕಿದರೆ ಗಂಟೆಗೆ 253 ಚಿಲ್ಲರೆ ಕಿಲೋಮೀಟರ್ ಬರುತ್ತದೆ. ಎತ್ತರ 253 ಮೀಟರ್, ವೇಗ ಗಂಟೆಗೆ 253 ಕಿಲೋಮೀಟರ್! ಇದರಲ್ಲಿ ಯಾವ ರಹಸ್ಯವೂ ಇಲ್ಲ. ಭೂಮಿಯ ಮೇಲೆ ಎಲ್ಲೇ ಆಗಲಿ, 254 ಮೀಟರ್ ಎತ್ತರದಿಂದ ಬಿದ್ದರೆ ಈ ಎರಡು ಸಂಖ್ಯೆ ಒಂದೇ ಆಗುತ್ತವೆ. ಜೋಗ ಆ ಎತ್ತರಕ್ಕೆ ಒಂದೇ ಮೀಟರ್ ಕಡಿಮೆ, ಅಷ್ಟೇ. ಅಡಿ ಮತ್ತು ಮೈಲಿಯಲ್ಲಿ ಬರೆದರೆ ಈ ಹೊಂದಾಣಿಕೆ ಮಾಯ. ಇನ್ನೊಂದು ಮಾತು, ಅಲ್ಲಿ ನೀರು ನಿಜಕ್ಕೂ ಆ ವೇಗದಲ್ಲಿ ಬೀಳುವುದಿಲ್ಲ. ಅರ್ಧ ದಾರಿಯಲ್ಲೇ ಒಡೆದು ಹನಿಯಾಗಿ, ಮಂಜಾಗಿ ಹೋಗುತ್ತದೆ, ಹನಿಗಳನ್ನು ಗಾಳಿ ತಡೆಯುತ್ತದೆ. ವೇಗೋತ್ಕರ್ಷ ಸ್ಥಿರವಾಗಿಲ್ಲ, ಹಾಗಾಗಿ ನಮ್ಮ ಸೂತ್ರಕ್ಕೆ ಅಲ್ಲಿ ಕೆಲಸ ಇಲ್ಲ. ಗಟ್ಟಿ ಕಲ್ಲಿಗಾದರೆ ಸ್ವಲ್ಪ ಹತ್ತಿರ ಬರುತ್ತದೆ. ಪ್ರಯೋಗ ಮಾಡಲು ಹೋಗಬೇಡಿ, ಕೆಳಗೆ ಜನ ಇರುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಜನ ಬೀಳುವ ಗುಂಡಿ ವರ್ಗದ್ದು. ಒಂದು ರೈಲು ನಿಂತಲ್ಲಿಂದ ಹೊರಡುತ್ತದೆ, ವೇಗೋತ್ಕರ್ಷ 0.2 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಎರಡು ನಿಮಿಷದಲ್ಲಿ ಎಷ್ಟು ದೂರ? ಸೂತ್ರ: ಅರ್ಧ ಗುಣಿಸು ವೇಗೋತ್ಕರ್ಷ ಗುಣಿಸು ಸಮಯದ ವರ್ಗ. ಅರ್ಧ ಗುಣಿಸು 0.2 ಗುಣಿಸು ಎರಡರ ವರ್ಗ. 0.4 ಮೀಟರ್! ಎರಡು ನಿಮಿಷ ಆದರೂ ರೈಲು ಒಂದು ಮೊಳ ಕೂಡ ಹೋಗಿಲ್ಲ. ಇದು ಪುಣ್ಯಕ್ಕೆ ಕಣ್ಣಿಗೆ ರಾಚುವ ತಪ್ಪು. ತಕ್ಷಣ ತಿದ್ದಲು ಹೊರಡುತ್ತೀರಿ, ನಿಮಿಷಕ್ಕೆ 60 ಅಂತ ಉತ್ತರವನ್ನು 60ರಿಂದ ಗುಣಿಸುತ್ತೀರಿ. 24 ಮೀಟರ್. ಅಲ್ಲೇ ಮತ್ತೊಂದು ಸಲ ಬಿದ್ದಿರಿ. ಸಮಯ ವರ್ಗವಾಗಿದೆ, ಹಾಗಾಗಿ 60 ಕೂಡ ಎರಡು ಸಲ ಬರಬೇಕು. 3600. ನಿಜವಾದ ಉತ್ತರ 1440 ಮೀಟರ್, ಹೆಚ್ಚುಕಡಿಮೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನಷ್ಟು. ಅಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 24 ಮೀಟರ್.

ಇದರಿಂದ ಒಂದು ಉಪಾಯ ಸಿಗುತ್ತದೆ. ನಿಮ್ಮ ಉತ್ತರ ಪುಸ್ತಕದ ಹಿಂದಿನ ಉತ್ತರಕ್ಕೆ ಹೊಂದದಿದ್ದರೆ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಡಿ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ನೋಡಿ. 3.6 ಬಂದರೆ ವೇಗವನ್ನು ಬದಲಾಯಿಸಿಲ್ಲ. 12.96 ಅಥವಾ 13ರ ಹತ್ತಿರ ಬಂದರೆ ಅದೇ ತಪ್ಪು, ಆದರೆ ವರ್ಗದ ಒಳಗೆ ಆಗಿದೆ. ಹುಬ್ಬಳ್ಳಿಯ 0.967ನ್ನು 0.0746ರಿಂದ ಭಾಗಿಸಿ ನೋಡಿ, 12.96 ಬರುತ್ತದೆ. 60 ಬಂದರೆ ನಿಮಿಷ. 3600 ಬಂದರೆ ನಿಮಿಷದ ವರ್ಗ, ಇಲ್ಲವೇ ಗಂಟೆ. ಪ್ರತಿ ತಪ್ಪೂ ತನ್ನ ಬೆರಳಚ್ಚು ಬಿಟ್ಟೇ ಹೋಗಿರುತ್ತದೆ.

ಯುನಿಟ್ ಸರಿ ಇದ್ದರೆ ಎಲ್ಲಾ ಸರಿ ಅಂತಲೂ ತಿಳಿಯಬೇಡಿ. ಸೂತ್ರದಲ್ಲಿನ ಅರ್ಧ ಮರೆತರೆ ಯುನಿಟ್ ಹಿಡಿದು ಕೊಡುವುದಿಲ್ಲ, ಅರ್ಧಕ್ಕೆ ಯುನಿಟ್ಟೇ ಇಲ್ಲವಲ್ಲ. ಮೈನಸ್ ಮರೆತರೂ ಅಷ್ಟೇ. ಇದಕ್ಕಿಂತ ತಮಾಷೆಯದ್ದು ಒಂದಿದೆ. ಬಸ್ಸು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿದೆ, ಅಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕಿನ ವೇಗೋತ್ಕರ್ಷ ಮೈನಸ್ 2.5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಬ್ರೇಕ್ ಒತ್ತಿದ 6 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಯುನಿಟ್ ಎಲ್ಲ ನೀಟಾಗಿ ಹಾಕಿ, 60ರಲ್ಲಿ 45 ಕಳೆದು 15 ಮೀಟರ್ ಅಂತ ಬರೆಯುತ್ತೀರಿ. ಆದರೆ ಬಸ್ಸು ನಾಲ್ಕನೇ ಸೆಕೆಂಡಿಗೇ ನಿಂತಾಗಿದೆ, 20 ಮೀಟರ್ ಹೋಗಿ. ನಿಂತ ಬಸ್ಸನ್ನು ಸೂತ್ರ ಮುಂದಿನ ಎರಡು ಸೆಕೆಂಡ್ ಹಿಂದಕ್ಕೆ ಓಡಿಸಿ, 5 ಮೀಟರ್ ವಾಪಸ್ ತಂದಿದೆ. ಬ್ರೇಕ್ ಒತ್ತಿದರೆ ಹಿಂದಕ್ಕೆ ಹೋಗುವ ಬಸ್ಸು ಯಾವ ಡಿಪೋದಲ್ಲೂ ಇಲ್ಲ. ಬ್ರೇಕಿನ ಲೆಕ್ಕ ಬಂದರೆ, ನಿಲ್ಲಲು ಎಷ್ಟು ಹೊತ್ತು ಅಂತ ಮೊದಲು ನೋಡಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: 'ಸರ್, ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಪ್ರತಿ ಸಾಲಿನಲ್ಲೂ ಯುನಿಟ್ ಬರೆಯುತ್ತಾ ಕೂತರೆ ಆಗುತ್ತಾ?'

ಆಗುವುದಿಲ್ಲ, ನಿಜ. ಬರೆದು ಬರೆದು ಅಭ್ಯಾಸವಾದ ಮೇಲೆ ಅಲ್ಲಿ ಬರೆಯಬೇಕಾಗಿಯೂ ಇಲ್ಲ, ಕಣ್ಣೇ ಮಾಡುತ್ತದೆ. ಪ್ರಶ್ನೆ ಬರೆಯುವವರಿಗೂ ನೀವು ಎಲ್ಲಿ ಬೀಳುತ್ತೀರಿ ಅಂತ ಗೊತ್ತಿರುತ್ತದೆ. ಆ ತಪ್ಪು ಉತ್ತರಗಳನ್ನೇ ಆಯ್ಕೆಗಳಾಗಿ ಕೊಟ್ಟಿರುತ್ತಾರೆ. ಈಗ ಇದನ್ನು ನೋಡಮ್ಮ. ಬೈಕು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿದೆ, ಬ್ರೇಕು 5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಎಷ್ಟು ದೂರದಲ್ಲಿ ನಿಲ್ಲುತ್ತದೆ? ಆಯ್ಕೆಗಳು: 4 ಮೀಟರ್, 40 ಮೀಟರ್, 80 ಮೀಟರ್, 518 ಮೀಟರ್.

518 ಎಲ್ಲಿಂದ ಬಂತು ಅಂತ ನಿನಗೆ ಈಗ ಗೊತ್ತು. 72ನ್ನು ಹಾಗೇ ವರ್ಗ ಮಾಡಿದವರಿಗಾಗಿ ಇಟ್ಟಿದ್ದು. 4 ಅನ್ನುವುದು ನಿಲ್ಲಲು ಹಿಡಿಯುವ ಸೆಕೆಂಡ್, ಅದಕ್ಕೆ ಮೀಟರ್ ಅಂತ ಹೆಸರು ಹಾಕಿದ್ದಾರೆ. ಆ ವೇಗದ ಬೈಕು ಎರಡು ಬೈಕಿನ ಉದ್ದದಲ್ಲಿ ನಿಲ್ಲುವುದಾದರೆ ಸವಾರ ಹ್ಯಾಂಡಲ್ ದಾಟಿ ಮುಂದೆ ಹೋಗಿರುತ್ತಾನೆ. ಉಳಿದವು 40 ಮತ್ತು 80. ಇಲ್ಲಿ ಯುನಿಟ್ ಸಹಾಯ ಮಾಡುವುದಿಲ್ಲ, ಎರಡೂ ಮೀಟರೇ. ಸೂತ್ರದ 'ಎರಡು' ಮರೆತವರಿಗಾಗಿ 80 ಇಟ್ಟಿದ್ದಾರೆ. ಸೂತ್ರ ನೆನಪಿಲ್ಲದಿದ್ದರೂ ಪರವಾಗಿಲ್ಲ. ಸೆಕೆಂಡಿಗೆ 20 ಮೀಟರಿನಿಂದ ಸೊನ್ನೆಗೆ, ಪ್ರತಿ ಸೆಕೆಂಡಿಗೂ 5 ಇಳಿಯುತ್ತಾ, ನಾಲ್ಕು ಸೆಕೆಂಡ್. ಸರಾಸರಿ ಸೆಕೆಂಡಿಗೆ 10 ಮೀಟರ್. ನಾಲ್ಕು ಸೆಕೆಂಡಿಗೆ 40 ಮೀಟರ್. ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗು.